ಝಾರ್ ದೊರೆಯ ನೆಚ್ಚಿನ ರೆಜಿಮೆಂಟ್

1820ರ ಅಕ್ಟೋಬರ್ 18ರಂದು ರಷ್ಯದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಒಂದು ವಿಚಿತ್ರ ದಂಗೆ ನಡೆಯಿತು. ನೆಪೋಲಿಯನ್ನನನ್ನು ಸೋಲಿಸಿ ಪ್ಯಾರಿಸಿನವರೆಗೂ ಹೋಗಿಬಂದಿದ್ದ ಸೆಮ್ಯೊನೊವ್‌ಸ್ಕಿ ರೆಜಿಮೆಂಟಿನ ಸಿಪಾಯಿಗಳು ಬಂದೂಕುಗಳನ್ನು ಬ್ಯಾರಕ್ಕಿನಲ್ಲೇ ಬಿಟ್ಟು, ಬರಿಗೈಯಲ್ಲಿ ಪೀಟರ್-ಪಾಲ್ ಕೋಟೆಯ ಸೆರೆಮನೆಗೆ ನಡೆದುಹೋದರು. ಅವರು ಯಾರನ್ನೂ ಕೊಲ್ಲಲಿಲ್ಲ, ಅರಮನೆಗೆ ಮುತ್ತಿಗೆ ಹಾಕಲಿಲ್ಲ, ಚಕ್ರವರ್ತಿಗೆ ಧಿಕ್ಕಾರ ಕೂಗಲಿಲ್ಲ. ತಮ್ಮ ಕರ್ನಲ್ ಮಾಡುವ ಅವಮಾನವನ್ನು ಇನ್ನು ಸಹಿಸಲಾರೆವು ಎಂದರು, ಅಷ್ಟೇ. ಆದರೂ ಆ ದಿನ ಕಂಡಷ್ಟು ಗಾಬರಿಯನ್ನು ರಷ್ಯದ ಸರ್ಕಾರ ಅದಕ್ಕೆ ಮೊದಲಿನ ಎಷ್ಟೋ ಯುದ್ಧಗಳಲ್ಲಿ ಕಂಡಿರಲಿಲ್ಲ. ಈ ರೆಜಿಮೆಂಟಿನ ಇನ್ನೂರಮೂವತ್ತು ವರ್ಷಗಳ ಚರಿತ್ರೆಯನ್ನು ಅಭ್ಯಾಸ ಮಾಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ರಷ್ಯದ ದೊರೆಗಳು ಕಾವಲು ಪಡೆಯ ನಿಷ್ಠೆಯನ್ನು ಕವಾಯತು, ಸಮವಸ್ತ್ರ ಮತ್ತು ಬಿರುದುಗಳಿಂದ ತಯಾರಿಸಬಹುದು ಎಂದು ನಂಬಿದ್ದರು. ಅದು ಮನುಷ್ಯ ಮನುಷ್ಯನ ನಡುವಿನ ಕೊಡುಕೊಳುವಿಕೆ ಎಂಬುದನ್ನು ಅವರು ಮರೆತಾಗಲೆಲ್ಲ ಸಿಂಹಾಸನದ ಒಂದು ಕಾಲು ಸಡಿಲವಾಯಿತು. (ಇಲ್ಲಿ ಬರುವ ರಷ್ಯದ ತಾರೀಖುಗಳೆಲ್ಲ 1918ಕ್ಕೆ ಮೊದಲು ಅಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದವು.)

ಈ ಪಡೆ ಹುಟ್ಟಿದ್ದೇ ಅಪನಂಬಿಕೆಯಿಂದ. 1682ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದ ಝಾರ್ ಪೀಟರನ ಕಣ್ಣೆದುರಿನಲ್ಲೇ, ಮಾಸ್ಕೋದ ಹಳೆಯ ಕಾಯಂ ಸೈನಿಕರಾದ ಸ್ತ್ರೆಲ್ತ್ಸಿಗಳು ಕ್ರೆಮ್ಲಿನ್ನಿಗೆ ನುಗ್ಗಿ ಅವನ ತಾಯಿಯ ಕಡೆಯವರನ್ನು ಕೊಂದಿದ್ದರು. ಅರಮನೆಯ ರಾಜಕೀಯದಿಂದ ದೂರವಾಗಿ ಮಾಸ್ಕೋ ಹೊರವಲಯದ ಹಳ್ಳಿಗಳಲ್ಲಿ ಬೆಳೆದ ಆ ಬಾಲಕ ತನ್ನ ಆಟಕ್ಕೆಂದು ಹುಡುಗರ ಸೈನ್ಯವೊಂದನ್ನು ಕಟ್ಟಿದ. ಅದಕ್ಕೆ ಆಟದ ಸೈನ್ಯ ಎಂದೇ ಹೆಸರಾಯಿತು. ಪ್ರೆಒಬ್ರಾಜೆನ್‌ಸ್ಕೊಯೆ ಮತ್ತು ಸೆಮ್ಯೊನೊವ್‌ಸ್ಕೊಯೆ ಎಂಬ ಎರಡು ಹಳ್ಳಿಗಳ ಹೆಸರನ್ನೇ ಹೊತ್ತು ಎರಡು ರೆಜಿಮೆಂಟುಗಳು ಬೆಳೆದವು. ತಮ್ಮ ಹುಟ್ಟಿದ ವರ್ಷ 1683 ಎಂಬುದು ಅವುಗಳ ಸಂಪ್ರದಾಯ. ಆಟ ಬೇಗನೆ ನಿಜವಾಯಿತು. 1695-96ರ ಅಜೋವ್ ದಂಡಯಾತ್ರೆಗಳಲ್ಲಿ ಅವು ಕಾದಿದವು. 1700ರಲ್ಲಿ ದೊರೆಯ ಅಂಗರಕ್ಷಕ ಪಡೆಗಳೆಂಬ ಬಿರುದನ್ನು ಪಡೆದವು. ಅದೇ ವರ್ಷ ನವೆಂಬರ್ 19ರಂದು ನಾರ್ವಾದಲ್ಲಿ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸ್ ರಷ್ಯದ ಸೈನ್ಯವನ್ನು ನುಚ್ಚುನೂರು ಮಾಡಿದಾಗ ಕದಲದೆ ನಿಂತವು ಬಹುಮಟ್ಟಿಗೆ ಈ ಎರಡೇ. ಆ ದಿನಾಂಕವನ್ನು ಕೆತ್ತಿದ ಕೊರಳಪಟ್ಟಿ ಇವುಗಳ ಅಧಿಕಾರಿಗಳ ಗೌರವಚಿಹ್ನೆಯಾಯಿತು. ಸೋತ ಯುದ್ಧವೊಂದರ ತಾರೀಖನ್ನು ಕೊರಳಲ್ಲಿ ಧರಿಸಿದ ಪಡೆಗಳಿವು. ಪೀಟರನಿಗೂ ಇವರಿಗೂ ಇದ್ದ ನಂಟನ್ನು ಅದರಿಂದ ಊಹಿಸಬಹುದು: ಅವನು ಇವರೊಡನೆ ಬೆಳೆದಿದ್ದ, ಇವರಂತೆಯೇ ಕೆಳಗಿನ ಹುದ್ದೆಯಿಂದ ಮೇಲೇರುವ ನಿಯಮವನ್ನು ತನಗೂ ಹಾಕಿಕೊಂಡಿದ್ದ.

ಪೀಟರನ ನಂತರ ಬಂದವರಿಗೆ ಆ ನಂಟು ಇರಲಿಲ್ಲ, ಪಡೆ ಮಾತ್ರ ಇತ್ತು. ಅದರ ಫಲ ಹದಿನೆಂಟನೆಯ ಶತಮಾನದುದ್ದಕ್ಕೂ ಕಾಣುತ್ತದೆ. 1725ರಲ್ಲಿ ಪೀಟರ್ ತೀರಿಕೊಂಡಾಗ ಅವನ ಹೆಂಡತಿ ಕ್ಯಾಥರೀನಳಿಗೆ ಪಟ್ಟ ಸಿಕ್ಕಿದ್ದು ಅರಮನೆಯ ಹೊರಗೆ ಕಾವಲು ರೆಜಿಮೆಂಟುಗಳು ನಗಾರಿ ಬಾರಿಸುತ್ತ ನಿಂತಿದ್ದರಿಂದ. 1741ರಲ್ಲಿ ಪ್ರೆಒಬ್ರಾಜೆನ್‌ಸ್ಕಿಯ ಗ್ರೆನೇಡಿಯರ್ ಕಂಪನಿ ಎಲಿಜಬೆತಳನ್ನು ಸಿಂಹಾಸನಕ್ಕೇರಿಸಿತು. 1762ರಲ್ಲಿ ಮೂರನೆಯ ಪೀಟರನನ್ನು ಕೆಳಗಿಳಿಸಲು ಹೊರಟ ಎರಡನೆಯ ಕ್ಯಾಥರೀನ್ ಮೊದಲು ಇಜ್ಮಾಯ್ಲೊವ್‌ಸ್ಕಿ ರೆಜಿಮೆಂಟಿಗೆ, ಅಲ್ಲಿಂದ ಸೆಮ್ಯೊನೊವ್‌ಸ್ಕಿಗೆ ಹೋಗಿ ಪ್ರಮಾಣ ಪಡೆದಳು. ಇದೆಲ್ಲ ಕುಲೀನರ ಒಳಜಗಳ, ಸಿಪಾಯಿಯ ಮನಸ್ಸಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆ ಕಾಲದಲ್ಲಿ ಕಾವಲು ಪಡೆಯ ಸಾಲುಗಳಲ್ಲಿ ಜಮೀನ್ದಾರರ ಮಕ್ಕಳೇ ಸಾಮಾನ್ಯ ಸಿಪಾಯಿಗಳಾಗಿ ನಿಲ್ಲುತ್ತಿದ್ದರು. ಮುಂದೆ ರಷ್ಯದ ಮಹಾಸೇನಾನಿಯಾದ ಸುವೊರೊವ್ ಕೂಡ 1740ರ ದಶಕದಲ್ಲಿ ಸೆಮ್ಯೊನೊವ್‌ಸ್ಕಿಯ ಕೆಳಹಂತದಿಂದಲೇ ಸೇವೆ ಆರಂಭಿಸಿದ. ಹಾಗಾಗಿ ಅವರ ದಂಗೆಗಳಲ್ಲಿ ವರ್ಗದ ಹಿತಾಸಕ್ತಿ ಇತ್ತು. ಆದರೆ ಅವು ಒಂದು ಪಾಠವನ್ನಂತೂ ಉಳಿಸಿಹೋದವು. ದೊರೆಯನ್ನು ಕಾಯುವವನು ತನ್ನನ್ನು ಬರಿಯ ಆಳೆಂದು ಎಣಿಸುವುದಿಲ್ಲ, ಆ ಸಿಂಹಾಸನದಲ್ಲಿ ತನಗೂ ಒಂದು ಪಾಲಿದೆ ಎಂದುಕೊಳ್ಳುತ್ತಾನೆ.

1801ರ ಮಾರ್ಚ್ 11ರ ರಾತ್ರಿ ಚಕ್ರವರ್ತಿ ಪಾಲ್ ತನ್ನ ಹೊಸ ಮಿಖಾಯ್ಲೊವ್‌ಸ್ಕಿ ಕೋಟೆಮನೆಯಲ್ಲಿ ಅಧಿಕಾರಿಗಳ ಪಿತೂರಿಗೆ ಬಲಿಯಾದಾಗ ಹೊರಗಿನ ಕಾವಲಿನಲ್ಲಿದ್ದವರು ಸೆಮ್ಯೊನೊವ್‌ಸ್ಕಿಯವರು. ಪಾಲ್‌ನ ಮಗ ಅಲೆಕ್ಸಾಂಡರ್ ಯುವರಾಜನಾಗಿದ್ದಾಗಿನಿಂದ ಈ ರೆಜಿಮೆಂಟಿನ ಗೌರವ ದಳಪತಿ. ಆ ರಾತ್ರಿಯ ನಂತರ ಅದು ಹೊಸ ಚಕ್ರವರ್ತಿಯ ಅಚ್ಚುಮೆಚ್ಚಿನ ಪಡೆಯಾಯಿತು. ಅವನು ಅದರ ಸಮವಸ್ತ್ರವನ್ನೇ ಧರಿಸುತ್ತಿದ್ದ, ಅದರ ಹಳೆಯ ಸಿಪಾಯಿಗಳನ್ನು ಹೆಸರಿಟ್ಟು ಗುರುತಿಸುತ್ತಿದ್ದ. ಪಡೆಯೂ ಆ ಒಲವಿಗೆ ತಕ್ಕಂತೆ ಕಾದಿತು. ನೆಪೋಲಿಯನ್ನನ ಎದುರಿನ ಬೊರೊದಿನೊ ಕಾಳಗದಲ್ಲಿ ಗಂಟೆಗಟ್ಟಲೆ ಫಿರಂಗಿ ಗುಂಡುಗಳ ಸುರಿಮಳೆಯಲ್ಲಿ ಜಾಗ ಬಿಡದೆ ನಿಂತಿತು. 1813ರ ಆಗಸ್ಟಿನಲ್ಲಿ ಬೊಹೀಮಿಯದ ಕುಲ್ಮ್ ಎಂಬಲ್ಲಿ, ತನಗಿಂತ ಬಹಳ ದೊಡ್ಡದಾದ ಫ್ರೆಂಚ್ ಸೈನ್ಯವನ್ನು ರಷ್ಯದ ಕಾವಲು ಪಡೆಗಳು ತಡೆದು ನಿಲ್ಲಿಸಿದಾಗ ಸೆಮ್ಯೊನೊವ್‌ಸ್ಕಿ ಭಾರಿ ಬೆಲೆ ತೆತ್ತಿತು. ಸೇಂಟ್ ಜಾರ್ಜ್ ಧ್ವಜದ ಗೌರವ ಅದಕ್ಕೆ ಬಂದದ್ದು ಆ ಕಾಳಗಕ್ಕೆ. ಪ್ಯಾರಿಸಿನಿಂದ ಮರಳಿದ ಅಧಿಕಾರಿಗಳು ಬೇರೆಯೇ ಮನುಷ್ಯರಾಗಿದ್ದರು. ತ್ರುಬೆತ್ಸ್‌ಕೊಯ್, ಯಾಕುಶ್‌ಕಿನ್, ಸೆರ್ಗೆಯ್ ಮತ್ತು ಮತ್ವೆಯ್ ಮುರಾವ್ಯೊವ್-ಅಪೊಸ್ತೊಲ್ ಸೋದರರು ಸೇರಿ ಒಟ್ಟಿಗೆ ಊಟ ಮಾಡುವ, ವಿದೇಶಿ ಪತ್ರಿಕೆ ಓದುವ ಕೂಟವೊಂದನ್ನು ಕಟ್ಟಿದರು. ದಳಪತಿ ಪೊತ್ಯೊಮ್‌ಕಿನ್ ಕಾಲದಲ್ಲಿ ಸಿಪಾಯಿಗಳನ್ನು ಹೊಡೆಯುವ ಪದ್ಧತಿ ಈ ರೆಜಿಮೆಂಟಿನಲ್ಲಿ ಬಹುತೇಕ ನಿಂತೇಹೋಯಿತು. ಜೀತದ ರೈತನನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಸೈನ್ಯಕ್ಕೆ ಎಳೆದುಕೊಂಡು, ಛಡಿಯೇಟಿನಿಂದಲೇ ಅವನಿಗೆ ಕವಾಯತು ಕಲಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಏಟಿಲ್ಲದೆಯೂ ಈ ಪಡೆ ಶಿಸ್ತಿನಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಈ ಸಡಿಲಿಕೆಯೇ ಅಪಾಯ ಎಂದು ಮೇಲಿನವರಿಗೆ ಅನ್ನಿಸಿತು. 1820ರ ಏಪ್ರಿಲ್‌ನಲ್ಲಿ ಪೊತ್ಯೊಮ್‌ಕಿನ್‌ನನ್ನು ತೆಗೆದು, ಚಕ್ರವರ್ತಿಯ ಆಪ್ತ ಸೇನಾಧಿಕಾರಿ ಅರಕ್ಚೆಯೆವ್‌ನ ಕಟ್ಟುನಿಟ್ಟಿನ ಪಂಥಕ್ಕೆ ಸೇರಿದ ಕರ್ನಲ್ ಶ್ವಾರ್ಟ್ಸ್‌ನನ್ನು ನೇಮಿಸಲಾಯಿತು. ಅವನು ಮಾಡಿದ್ದೇನು ಎಂಬುದು ವಿಚಾರಣೆಯ ದಾಖಲೆಗಳಲ್ಲಿ ವಿವರವಾಗಿದೆ. ದಿನವೂ ಹತ್ತತ್ತು ಸಿಪಾಯಿಗಳನ್ನು ಮನೆಗೆ ಕರೆಸಿ ತಪಾಸಣೆ ಮಾಡುತ್ತಿದ್ದ. ಮುಖಕ್ಕೆ ಉಗುಳುತ್ತಿದ್ದ, ಮೀಸೆ ಹಿಡಿದೆಳೆಯುತ್ತಿದ್ದ. ಯುದ್ಧದಲ್ಲಿ ಗಳಿಸಿದ ಪದಕ ಎದೆಯ ಮೇಲಿದ್ದವರಿಗೆ ದೈಹಿಕ ಶಿಕ್ಷೆ ಕೊಡಬಾರದೆಂದು ಕಾನೂನೇ ಇದ್ದರೂ ಅವರನ್ನೂ ಹೊಡೆಸಿದ. ಬಿಡುವಿನ ವೇಳೆಯಲ್ಲಿ ಚಮ್ಮಾರಿಕೆಯೋ ಹೊಲಿಗೆಯೋ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದವರ ಬಿಡುವನ್ನು ಕವಾಯತು ನುಂಗಿತು. ಜೊತೆಗೆ ಸಮವಸ್ತ್ರ, ಸಲಕರಣೆಗಳ ಒಪ್ಪಓರಣಕ್ಕೆ ಅವರ ಕೈಯಿಂದಲೇ ದುಡ್ಡು ಹೋಗತೊಡಗಿತು. ಅಕ್ಟೋಬರ್ 16ರ ರಾತ್ರಿ ಚಕ್ರವರ್ತಿಯ ಹೆಸರಿನ ಮೊದಲನೆಯ ಕಂಪನಿ ತಾನಾಗಿ ಸಾಲುಗಟ್ಟಿ ನಿಂತು ದೂರು ಕೊಟ್ಟಿತು. ಗುಂಪಾಗಿ ದೂರುವುದೇ ಅಪರಾಧವಾದ್ದರಿಂದ ಮರುದಿನ ಇಡೀ ಕಂಪನಿಯನ್ನು ಕೋಟೆಗೆ ದೂಡಲಾಯಿತು. ಸುದ್ದಿ ತಿಳಿದ ಉಳಿದ ಕಂಪನಿಗಳು ರಾತ್ರೋರಾತ್ರಿ ಹೊರಬಂದವು. ಮೊದಲ ಕಂಪನಿಯನ್ನು ಬಿಡಿ, ಇಲ್ಲವೇ ನಮ್ಮನ್ನೂ ಅಲ್ಲಿಗೇ ಕಳಿಸಿ ಎಂಬುದಷ್ಟೇ ಅವರ ಬೇಡಿಕೆ. ರಾಜಧಾನಿಯ ಗವರ್ನರ್ ಜನರಲ್ ಮಿಲೊರಾದೊವಿಚ್ ಬಂದು ಹೇಳಿದರೂ ಕೇಳಲಿಲ್ಲ. ಕೋಟೆಗೆ ಹೋಗಿ ಎಂದ ಅಪ್ಪಣೆಯನ್ನು ಮಾತ್ರ ತಕ್ಷಣ ಪಾಲಿಸಿದರು.

ಚಕ್ರವರ್ತಿ ಆಗ ದೂರದ ತ್ರೊಪ್ಪೌ ಎಂಬಲ್ಲಿ, ಯುರೋಪಿನ ಕ್ರಾಂತಿಗಳನ್ನು ಅಡಗಿಸುವುದು ಹೇಗೆಂದು ಆಸ್ಟ್ರಿಯದ ಮೆಟರ್ನಿಖ್ ಮೊದಲಾದವರೊಡನೆ ಚರ್ಚಿಸುತ್ತಿದ್ದ. ಸುದ್ದಿ ಹೊತ್ತು ಅಲ್ಲಿಗೆ ಹೋದವನು ಪ್ಯೋತ್ರ್ ಚಾದಾಯೆವ್, ಮುಂದೆ ರಷ್ಯದ ಹೆಸರಾಂತ ಚಿಂತಕನಾದವನು. ಬೊರೊದಿನೊದಲ್ಲಿ ಸೆಮ್ಯೊನೊವ್‌ಸ್ಕಿಯ ಕಿರಿಯ ಅಧಿಕಾರಿಯಾಗಿದ್ದವನು. ಇದು ಸಿಪಾಯಿಗಳ ಸ್ವಂತ ಬುದ್ಧಿಯಲ್ಲ, ಹಿಂದೆ ಯಾವುದೋ ರಹಸ್ಯ ಸಂಘದ ಕೈವಾಡವಿದೆ ಎಂದು ಅಲೆಕ್ಸಾಂಡರ್ ದೃಢವಾಗಿ ನಂಬಿದ. ಈ ವಾದವನ್ನು ತಳ್ಳಿಹಾಕುವ ಮುನ್ನ ಅದಕ್ಕಿದ್ದ ಆಧಾರವನ್ನೂ ಹೇಳಬೇಕು: ರೆಜಿಮೆಂಟಿನಲ್ಲಿ ರಹಸ್ಯ ಸಂಘದ ಸದಸ್ಯರು ನಿಜವಾಗಿಯೂ ಇದ್ದರು, 1816ರಲ್ಲಿ ಹುಟ್ಟಿದ ಮೊದಲ ಗುಪ್ತ ಸಂಘದ ಸ್ಥಾಪಕರಲ್ಲಿ ಹಲವರು ಇದೇ ಪಡೆಯವರು. ಆದರೆ ಘಟನೆಯ ರಾತ್ರಿ ಅವರು ಮಾಡಿದ್ದು ಸಿಪಾಯಿಗಳನ್ನು ಸಮಾಧಾನಪಡಿಸುವ ಕೆಲಸ. ವಿಚಾರಣೆ ನಡೆಸಿದವರಿಗೆ ಪಿತೂರಿಯ ಎಳೆ ಸಿಗಲಿಲ್ಲ. ಪಿತೂರಿಗಾರರ ಕೈವಾಡವಿದ್ದಿದ್ದರೆ, ಚಕ್ರವರ್ತಿ ದೇಶದಲ್ಲೇ ಇಲ್ಲದ ಹೊತ್ತಿನಲ್ಲಿ ಆಯುಧಗಳನ್ನು ಕೆಳಗಿಟ್ಟು ಸೆರೆಮನೆಗೆ ಹೋಗಿ ಎಂದು ಅವರು ಏಕೆ ಹೇಳಿಕೊಡುತ್ತಿದ್ದರು? ತನಗೂ ಮಾನವಿದೆ ಎಂದು ಜೀತದ ರೈತನೊಬ್ಬ ತಾನಾಗಿಯೇ ಹೇಳಬಲ್ಲ ಎಂಬುದು ಅಲೆಕ್ಸಾಂಡರನ ಊಹೆಗೆ ನಿಲುಕಲಿಲ್ಲ. ಈ ಪ್ರಕರಣದ ಮೂಲದೋಷ ಅಲ್ಲಿದೆ.

ಶಿಕ್ಷೆಯೂ ಅದೇ ದೃಷ್ಟಿಯಿಂದ ಬಂತು. ನವೆಂಬರ್ 2ರ ಆಜ್ಞೆಯಂತೆ ಹಳೆಯ ಸೆಮ್ಯೊನೊವ್‌ಸ್ಕಿಯನ್ನು ಪೂರ್ತಿಯಾಗಿ ಒಡೆದು, ಸಿಪಾಯಿಗಳನ್ನೂ ಅಧಿಕಾರಿಗಳನ್ನೂ ದೂರದ ಸೈನ್ಯಗಳಿಗೆ ಚದುರಿಸಲಾಯಿತು. ಮುಂದಾಳುಗಳೆನಿಸಿಕೊಂಡವರನ್ನು ಬೆತ್ತ ಹಿಡಿದ ಸೈನಿಕರ ಎರಡು ಸಾಲುಗಳ ನಡುವೆ ಓಡಿಸಿ ಹೊಡೆಸಿ ಗಣಿಗಳಿಗೆ ಅಟ್ಟಲಾಯಿತು. ಶ್ವಾರ್ಟ್ಸ್‌ಗೆ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿದರೂ ಚಕ್ರವರ್ತಿ ಅದನ್ನು ಸೇವೆಯಿಂದ ವಜಾ ಮಾಡುವಷ್ಟಕ್ಕೆ ಇಳಿಸಿದ. ಹೀಗೆ ಒಲೆಯ ಕೆಂಡವನ್ನು ಆರಿಸುವ ಬದಲು ಊರ ಹುಲ್ಲುಬಣವೆಗಳಿಗೆಲ್ಲ ಎರಚಿದಂತಾಯಿತು. ದಕ್ಷಿಣದ ಸೈನ್ಯಕ್ಕೆ ವರ್ಗವಾದವರಲ್ಲಿ ಸೆರ್ಗೆಯ್ ಮುರಾವ್ಯೊವ್-ಅಪೊಸ್ತೊಲ್ ಮತ್ತು ಕಿರಿಯ ಬೆಸ್ತುಜೆವ್-ರ್‍ಯೂಮಿನ್ ಇದ್ದರು. ಅಲ್ಲಿ ಅವರಿಗೆ ತಮ್ಮಂತೆಯೇ ಚದುರಿಹೋಗಿದ್ದ ಹಳೆಯ ಸಿಪಾಯಿಗಳು ಸಿಕ್ಕರು. ದಕ್ಷಿಣದ ರಹಸ್ಯ ಸಂಘ ಭರವಸೆ ಇಟ್ಟದ್ದು ಮುಖ್ಯವಾಗಿ ಈ ನೊಂದವರ ಮೇಲೆ. 1825ರ ಡಿಸೆಂಬರ್ ಕೊನೆಯಲ್ಲಿ ಉಕ್ರೇನಿನಲ್ಲಿ ಚೆರ್ನಿಗೊವ್ ರೆಜಿಮೆಂಟ್ ದಂಗೆಯೆದ್ದಾಗ ಅದರ ಮುಂದಾಳತ್ವ ವಹಿಸಿದವರು ಈ ಇಬ್ಬರೇ. ಆ ಡಿಸೆಂಬರಿನ ದಂಗೆಗಳಿಗಾಗಿ 1826ರ ಜುಲೈ 13ರಂದು ಗಲ್ಲಿಗೇರಿದ ಐವರು ಕ್ರಾಂತಿಕಾರರಲ್ಲಿ ಇಬ್ಬರು ಹಳೆಯ ಸೆಮ್ಯೊನೊವ್‌ಸ್ಕಿಯವರು.

ಇದಕ್ಕೆ ಎದುರಾಗಿ ಒಂದು ಬಲವಾದ ಮಾತು ಹೇಳಬಹುದು. ಗ್ರೆನೇಡಿಯರ್ ಪಡೆಗಳಿಂದ ಆಯ್ದು ಕಟ್ಟಿದ ಹೊಸ ಸೆಮ್ಯೊನೊವ್‌ಸ್ಕಿ 1825ರ ಡಿಸೆಂಬರ್ 14ರಂದು ರಹಸ್ಯ ಸಂಘದವರು ರಾಜಧಾನಿಯ ಸೆನೆಟ್ ಚೌಕದಲ್ಲಿ ದಂಗೆಯೆದ್ದಾಗ ಅವರ ಜೊತೆ ಸೇರಲಿಲ್ಲ, ಹೊಸ ಚಕ್ರವರ್ತಿ ನಿಕೊಲಾಸ್‌ನ ಪಕ್ಷದಲ್ಲೇ ನಿಂತಿತು. ಹಾಗಾದರೆ ಕಠಿಣ ಕ್ರಮ ಫಲಿಸಿತಲ್ಲವೇ? ಫಲಿಸಿತು, ಆದರೆ ಯಾವ ಬೆಲೆಗೆ ಎಂದು ನೋಡಬೇಕು. ಹೊಸ ಪಡೆ ಅಪ್ಪಣೆ ಪಾಲಿಸುವ ಪಡೆಯಾಯಿತು. ದೇಶದ ಬಗ್ಗೆ ಯೋಚಿಸುವ ಅಧಿಕಾರಿಗಳೂ ಮಾನವಂತ ಸಿಪಾಯಿಗಳೂ ಇದ್ದ ಹಳೆಯ ಬಳಗ ಅಲ್ಲಿ ಮತ್ತೆ ಕೂಡಲಿಲ್ಲ. ರಾಜಧಾನಿಯ ಜಾಗೊರೊದ್ನಿ ರಸ್ತೆಯ ಬಳಿ ಇದ್ದ ಅದರ ಕವಾಯತು ಮೈದಾನ ಕೂಡ ರಷ್ಯದ ನೆನಪಿನಲ್ಲಿ ಉಳಿದದ್ದು ಬೇರೆ ಕಾರಣಗಳಿಗೆ. 1849ರ ಡಿಸೆಂಬರ್ 22ರಂದು ಕಾದಂಬರಿಕಾರ ದಸ್ತಯೇವ್‌ಸ್ಕಿಯನ್ನು ಗುಂಡಿಕ್ಕುವ ನಾಟಕವಾಡಿ ಕೊನೆ ಗಳಿಗೆಯಲ್ಲಿ ಸೈಬೀರಿಯಕ್ಕೆ ಕಳಿಸಿದ್ದು ಅಲ್ಲೇ. 1881ರ ಏಪ್ರಿಲ್ 3ರಂದು, ಎರಡನೆಯ ಅಲೆಕ್ಸಾಂಡರನನ್ನು ಕೊಂದ ಗುಂಪಿನ ಸೋಫಿಯಾ ಪೆರೊವ್‌ಸ್ಕಾಯಾ ಮತ್ತು ಸಂಗಡಿಗರನ್ನು ಗಲ್ಲಿಗೇರಿಸಿದ್ದೂ ಅಲ್ಲೇ.

ಕಠಿಣ ಶಿಸ್ತಿನ ಪರವಾಗಿರುವವರು ಮುಂದಿಡಬಹುದಾದ ದೊಡ್ಡ ಸಾಕ್ಷ್ಯ 1905ರದು. ಆ ಡಿಸೆಂಬರ್‌ನಲ್ಲಿ ಮಾಸ್ಕೋದ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿ ಬೀದಿಗಳಲ್ಲಿ ತಡೆಗೋಡೆ ಕಟ್ಟಿದರು. ನಗರದಲ್ಲಿದ್ದ ಸೈನಿಕರನ್ನು ನಂಬುವಂತಿರಲಿಲ್ಲವಾದ್ದರಿಂದ ಗವರ್ನರ್ ಜನರಲ್ ದುಬಾಸೊವ್ ರಾಜಧಾನಿಯ ಸಹಾಯ ಕೋರಿದ. ಡಿಸೆಂಬರ್ 15ರಂದು ಕರ್ನಲ್ ಗಿಯೋರ್ಗಿ ಮಿನ್ ನೇತೃತ್ವದಲ್ಲಿ ಸೆಮ್ಯೊನೊವ್‌ಸ್ಕಿ ರೈಲಿನಲ್ಲಿ ಬಂದಿಳಿಯಿತು. ಕೈದಿಗಳನ್ನು ಹಿಡಿಯುವ ಗೋಜಿಗೆ ಹೋಗಬೇಡಿ, ದಯೆ ತೋರಬೇಡಿ ಎಂಬುದು ಮಿನ್ ಕೊಟ್ಟ ಸೂಚನೆಯ ಸಾರ. ಕಾರ್ಮಿಕರ ಬಡಾವಣೆ ಪ್ರೆಸ್ನ್ಯಾದ ಮೇಲೆ, ಪ್ರೊಖೊರೊವ್ ಬಟ್ಟೆ ಗಿರಣಿಯ ಮೇಲೆ ಫಿರಂಗಿಗಳು ಗುಂಡು ಸುರಿಸಿದವು. ಕರ್ನಲ್ ರಿಮಾನ್‌ನ ತುಕಡಿ ಕಜಾನ್ ರೈಲುಮಾರ್ಗದ ನಿಲ್ದಾಣಗಳಲ್ಲಿ ವಿಚಾರಣೆಯಿಲ್ಲದೆ ಜನರನ್ನು ಗುಂಡಿಟ್ಟು ಕೊಂದಿತು. ಬಂಡಾಯಗಾರರನ್ನು ರೈಲಿನಲ್ಲಿ ಪಾರುಮಾಡಿದ್ದ ಎಂಜಿನ್ ಚಾಲಕ ಉಖ್ತೊಮ್‌ಸ್ಕಿ ಸತ್ತದ್ದು ಹಾಗೆ. ದಂಗೆ ಅಡಗಿತು, ಮಿನ್ ಮೇಜರ್ ಜನರಲ್ ಆದ. ದೊರೆಯ ದೃಷ್ಟಿಯಲ್ಲಿ ರೆಜಿಮೆಂಟ್ 1820ರ ಕಳಂಕವನ್ನು ತೊಳೆದುಕೊಂಡಿತ್ತು.

ಆದರೆ ಈ ಗೆಲುವನ್ನು ಸ್ವಲ್ಪ ಬಗೆದು ನೋಡಿದರೆ ಅದರೊಳಗಿನ ಸೋಲು ಕಾಣುತ್ತದೆ. ಲಕ್ಷಾಂತರ ಸೈನಿಕರಿದ್ದ ಸಾಮ್ರಾಜ್ಯ ತನ್ನ ಎರಡನೆಯ ರಾಜಧಾನಿಯನ್ನು ಹಿಡಿತಕ್ಕೆ ತರಲು ಕಾವಲು ಪಡೆಯನ್ನು ರೈಲಿನಲ್ಲಿ ತರಿಸಬೇಕಾಯಿತು ಎಂದರೆ ಉಳಿದ ಸೈನ್ಯದ ಮೇಲೆ ಅದಕ್ಕೆಷ್ಟು ಭರವಸೆಯಿತ್ತು? ಆರು ತಿಂಗಳು ಕಳೆಯುವುದರೊಳಗೆ, 1906ರ ಜೂನ್‌ನಲ್ಲಿ, ಸೆಮ್ಯೊನೊವ್‌ಸ್ಕಿಯ ಅಣ್ಣನಂತಿದ್ದ ಪ್ರೆಒಬ್ರಾಜೆನ್‌ಸ್ಕಿಯ ಮೊದಲನೆಯ ಬೆಟಾಲಿಯನ್ನೇ ಬೇಡಿಕೆಗಳ ಪಟ್ಟಿ ಮುಂದಿಟ್ಟು ಅಪ್ಪಣೆ ಮೀರಿತು. ಅದರ ಕಾವಲು ಪದವಿಯನ್ನು ಕಿತ್ತುಕೊಂಡು ನೊವ್‌ಗೊರೊದ್ ಪ್ರಾಂತದ ಹಳ್ಳಿಗೆ ಅಟ್ಟಲಾಯಿತು. ಅದೇ ವರ್ಷದ ಆಗಸ್ಟ್ 13ರಂದು ಪೀಟರ್‌ಹೊಫ್ ರೈಲು ನಿಲ್ದಾಣದಲ್ಲಿ ಜಿನಾಯಿದಾ ಕೊನೊಪ್ಲ್ಯಾನ್ನಿಕೊವಾ ಎಂಬ ಯುವತಿ ಮಿನ್‌ನನ್ನು ಗುಂಡಿಟ್ಟು ಕೊಂದಳು, ಸುಮಾರು ಎರಡು ವಾರದ ಬಳಿಕ ಗಲ್ಲಿಗೇರಿದಳು. ಕುಲ್ಮ್ ಕಾಳಗದ ಹೆಸರಿನಿಂದ ಜನ ನೆನೆಯುತ್ತಿದ್ದ ಪಡೆಯನ್ನು ಇನ್ನು ಪ್ರೆಸ್ನ್ಯಾದ ಹೆಸರಿನಿಂದ ಶಪಿಸತೊಡಗಿದರು. 1874ರಿಂದ ಕಡ್ಡಾಯ ಸೈನಿಕ ಸೇವೆ ಬಂದ ಮೇಲೆ ಸಿಪಾಯಿ ಕೆಲವೇ ವರ್ಷದಲ್ಲಿ ಹಳ್ಳಿಗೋ ಕಾರ್ಖಾನೆಗೋ ಮರಳುವವನು. ತನ್ನವರ ಮೇಲೆಯೇ ಗುಂಡು ಹಾರಿಸಿ ಗಳಿಸಿದ ಬಿರುದನ್ನು ಅವನು ಊರಲ್ಲಿ ಯಾರಿಗೆ ತೋರಿಸಬೇಕು?

ಉತ್ತರ ಸಿಕ್ಕಿದ್ದು 1917ರಲ್ಲಿ. 1914ರ ಬೇಸಗೆಯಲ್ಲಿ ಯುದ್ಧಕ್ಕೆ ಹೋದ ಪಡೆ ಪೋಲೆಂಡಿನ ಕಾಳಗಗಳಲ್ಲಿ ಕರಗುತ್ತ ಬಂತು. 1916ರಲ್ಲಿ ಸ್ತೊಖೊದ್ ನದಿಯ ಜೌಗಿನಲ್ಲಿ ಕಾವಲು ಪಡೆಗಳು ಮತ್ತೆ ಅಪಾರ ಸಾವು ಕಂಡವು. ಈಗ ಪೆತ್ರೊಗ್ರಾದ್ ಎಂಬ ಹೆಸರು ಪಡೆದಿದ್ದ ರಾಜಧಾನಿಯ ಬ್ಯಾರಕ್ಕುಗಳಲ್ಲಿ ತುಂಬಿದ್ದವರು ಕಾವಲು ರೆಜಿಮೆಂಟುಗಳ ಹೆಸರು ಹೊತ್ತ ಮೀಸಲು ಬೆಟಾಲಿಯನ್‌ಗಳು: ಹೊಸದಾಗಿ ಸೇರಿದವರು, ಗಾಯದಿಂದ ಚೇತರಿಸಿಕೊಂಡವರು, ಮತ್ತೆ ರಣರಂಗಕ್ಕೆ ಹೋಗಲು ಮನಸ್ಸಿಲ್ಲದವರು. 1917ರ ಫೆಬ್ರವರಿ 26ರಂದು ಬೀದಿಗಿಳಿದಿದ್ದ ಜನರ ಮೇಲೆ ಗುಂಡು ಹಾರಿಸಿದ್ದ ವೊಲಿನ್‌ಸ್ಕಿ ಕಾವಲು ರೆಜಿಮೆಂಟಿನ ತುಕಡಿ ಮರುದಿನ ಬೆಳಿಗ್ಗೆ ಹವಾಲ್ದಾರ ಕಿರ್ಪಿಚ್ನಿಕೊವ್‌ನ ಮುಂದಾಳತ್ವದಲ್ಲಿ ಹೊರಡಲು ಒಪ್ಪಲಿಲ್ಲ. ತಮ್ಮ ಕ್ಯಾಪ್ಟನ್ ಕೊಲೆಯಾದ ಮೇಲೆ ಅವರು ಪಕ್ಕದ ಬ್ಯಾರಕ್ಕುಗಳಿಗೆ ಓಡಿದರು. ಒಂದರ ಹಿಂದೆ ಒಂದು ಕಾವಲು ಪಡೆ ಬೀದಿಗಿಳಿಯಿತು. ಸೆಮ್ಯೊನೊವ್‌ಸ್ಕಿಯ ಮೀಸಲು ಬೆಟಾಲಿಯನ್ ಕೂಡ ಬಂಡಾಯದ ಪಾಲಾಯಿತು. ಇವರು ನಿಜವಾದ ಸೆಮ್ಯೊನೊವ್‌ಸ್ಕಿಯವರಲ್ಲ, ಹಳೆಯ ಪಡೆ ಇದ್ದಿದ್ದರೆ ಝಾರ್ ಉಳಿಯುತ್ತಿದ್ದ ಎಂದು ದೇಶಭ್ರಷ್ಟರಾದ ಹಲವು ಅಧಿಕಾರಿಗಳು ವಾದಿಸಿದರು. ಮೊದಲರ್ಧ ನಿಜ. ಎರಡನೆಯದು ಅನುಮಾನ. ಹೆಸರು, ಬಾವುಟ, ಸಮವಸ್ತ್ರದ ನೀಲಿ ಕಾಲರು ಎಲ್ಲ ಇದ್ದೂ ನಿಷ್ಠೆ ಇರಲಿಲ್ಲ ಎಂದರೆ ಅದು ಆ ವಸ್ತುಗಳಲ್ಲಿ ಯಾವತ್ತೂ ಇರಲಿಲ್ಲ ಎಂದೇ ಅರ್ಥ. ಅದು ಇದ್ದದ್ದು ಮನುಷ್ಯರಲ್ಲಿ. ಅಂಥ ಮನುಷ್ಯರನ್ನು 1820ರಲ್ಲಿ ಆಜ್ಞೆ ಹೊರಡಿಸಿ ಚದುರಿಸಲಾಗಿತ್ತು, 1916ರವರೆಗೆ ರಣರಂಗದಲ್ಲಿ ಮುಗಿಸಲಾಗಿತ್ತು.

ಝಾರ್ ದೊರೆಗಳ ತಪ್ಪನ್ನು ಆಮೇಲೆ ಅಧಿಕಾರ ಹಿಡಿದ ಬೊಲ್ಷೆವಿಕರೂ ಮಾಡಿದರು ಎಂಬುದು ಈ ಕಥೆಯ ಕೊನೆಯ ಪಾಠ. ಸೆಮ್ಯೊನೊವ್‌ಸ್ಕಿಯ ಉಳಿಕೆಯಿಂದಲೇ ಪೆತ್ರೊಗ್ರಾದ್‌ನಲ್ಲಿ ಕೆಂಪು ಕಾವಲು ರೆಜಿಮೆಂಟೊಂದನ್ನು ಕಟ್ಟಿ, ಹೊಸ ಹೆಸರು ಕೊಟ್ಟು, ಅದು ತಮ್ಮದಾಯಿತು ಎಂದು ಅವರು ನಂಬಿದರು. 1919ರ ಮೇ ಕೊನೆಯಲ್ಲಿ ವೀರಾ ಎಂಬ ಹಳ್ಳಿಯ ಬಳಿ ಅದು ಕಮಿಸಾರರನ್ನು, ಅಂದರೆ ಬೊಲ್ಷೆವಿಕರ ರಾಜಕೀಯ ಅಧಿಕಾರಿಗಳನ್ನು ಕೊಂದು, ಬೊಲ್ಷೆವಿಕರ ವಿರೋಧಿಗಳಾದ ಬಿಳಿಯ ಸೈನ್ಯದ ಪಕ್ಷ ಸೇರಿತು. ಬ್ರಿಗೇಡಿನ ಕಮಿಸಾರ್ ರಾಕೊವ್ ಅಲ್ಲಿ ಸತ್ತ. ಇತ್ತ ಅದೇ ರೆಜಿಮೆಂಟಿನಲ್ಲಿ 1914ರಲ್ಲಿ ಸೇವೆಗೆ ಸೇರಿದ್ದ ಯುವ ಅಧಿಕಾರಿ ಮಿಖಾಯಿಲ್ ತುಖಾಚೆವ್‌ಸ್ಕಿ ಕೆಂಪು ಸೈನ್ಯದ ಸೇನಾನಿಯಾಗಿ 1935ರಲ್ಲಿ ಮಾರ್ಷಲ್ ಆದ, 1937ರಲ್ಲಿ ಸ್ಟಾಲಿನ್ ಅವನನ್ನು ಕೊಲ್ಲಿಸಿದ. 2013ರಲ್ಲಿ ರಷ್ಯ ಸರ್ಕಾರ ತನ್ನ ಒಂದು ರೆಜಿಮೆಂಟಿಗೆ ಸೆಮ್ಯೊನೊವ್‌ಸ್ಕಿ ಎಂಬ ಹೆಸರನ್ನು ಮತ್ತೆ ಕೊಟ್ಟಿದೆ. ಹೆಸರು ಕೊಡಲು ಒಂದು ಆದೇಶ ಸಾಕು. ಅದಕ್ಕೆ ಬೆಲೆ ಬರುವುದು ಮಾತ್ರ ಸಿಪಾಯಿಯನ್ನು ನಡೆಸಿಕೊಳ್ಳುವ ರೀತಿಯಿಂದ. ಪೊತ್ಯೊಮ್‌ಕಿನ್ ಏಟಿಲ್ಲದೆ ಗಳಿಸಿದ್ದನ್ನು ಶ್ವಾರ್ಟ್ಸ್ ಆರೇ ತಿಂಗಳಲ್ಲಿ ಕಳೆದ ಎಂಬುದನ್ನು ಯಾವ ಸರ್ಕಾರವೂ ಮರೆಯಬಾರದು.